ಕೆಂಪರಾಜುವಿಗೆ ಎಲೆ

“ಆಡಲ್ಲ ಅಂದ್ರೆ ಆಡಲ್ಲ ಸಾರ್. ಕಪ್ಪು ಅವರೇ ಇಟ್ಕಂಡು ಪೂಜೆ ಮಾಡ್ಲಿ,” ಎಂದು ಓಂಕಾರೇಶ್ ಜೆರ್ಸಿ ಬಿಚ್ಚಿ ಬ್ಯಾಗಿಗೆ ತುರುಕಿದ.

ಅವನು ತರೀಕೆರೆಯ ಕಬಡ್ಡಿ ತಂಡದ ಕ್ಯಾಪ್ಟನ್. ಅಜ್ಜಂಪುರದಾಚೆಯ ಈ ಹಳ್ಳಿಯಲ್ಲಿ ಬೆಳಿಗ್ಗೆ ಸೆಮಿಫೈನಲ್ ಗೆದ್ದು ಶಾಲೆಯ ಜಗಲಿಯಲ್ಲಿ ತಂಡ ಬೀಡುಬಿಟ್ಟಿತ್ತು. ಫೈನಲ್ ಮೂರು ಗಂಟೆಗೆ. ಮ್ಯಾನೇಜರ್ ಗುರುಮೂರ್ತಿ ಮೇಷ್ಟ್ರು ಕುತ್ತಿಗೆಯ ಸೀಟಿಯನ್ನು ಬಾಯಿಗಿಟ್ಟುಕೊಂಡರೇ ಹೊರತು ಊದಲಿಲ್ಲ.

ಆದದ್ದಿಷ್ಟು. ಪರ ಊರಿನ ಆಟಗಾರರಿಗೆ ಹೋಟೆಲಿನ ಅನ್ನ ಹಾಕಿಸಿದರೆ ಊರಿನ ಮಾನ ಹೋಗುತ್ತದೆಂದು ಇಲ್ಲಿಯವರು ನಂಬಿದ್ದರು. ಹಾಗಾಗಿ ಮನೆಗಿಬ್ಬರಂತೆ ಕರೆದೊಯ್ದು ಉಣ್ಣಿಸುವುದು ಪದ್ಧತಿ. ಓಂಕಾರೇಶ್ ಮತ್ತು ಕೆಂಪರಾಜು ಟೂರ್ನಮೆಂಟ್ ಸಮಿತಿಯ ಅಧ್ಯಕ್ಷ ಕರಿಸಿದ್ದಪ್ಪನವರ ಪಾಲಿಗೆ ಬಂದಿದ್ದರು. ಕೈಕಾಲು ತೊಳೆಯಲು ನೀರು ಕೊಟ್ಟು, ಸೆಮಿಫೈನಲ್‌ನ ಕೊನೇ ಕ್ಯಾಚನ್ನು ಬಾಯ್ತುಂಬ ಹೊಗಳಿದ ಮೇಲೆ ಯಜಮಾನರು ಕೇಳಿದರು: “ತರೀಕೇರೇಲಿ ಯಾವ ಕಡೇರಪ್ಪಾ?”

“ಮಠದ ಬೀದಿ,” ಎಂದ ಓಂಕಾರೇಶ್.

“ಅಂಬೇಡ್ಕರ್ ನಗರ,” ಎಂದ ಕೆಂಪರಾಜು.

ಕರಿಸಿದ್ದಪ್ಪನವರ ನಗು ಎಳ್ಳಷ್ಟೂ ಕದಲಲಿಲ್ಲ. “ಒಳಗೆ ಬಲೇ ಸೆಕೆ ಕಣಪ್ಪಾ. ನಿನ್ ಊಟ ಸ್ಕೂಲ್ ಹತ್ರಕ್ಕೇ ಕಳಿಸ್ತೀನಿ. ಮರದಡಿ ತಣ್ಣಗೈತೆ,” ಎಂದು ಕೆಂಪರಾಜುವಿನ ಭುಜದ ಸಮೀಪದ ಗಾಳಿಯನ್ನು ತಟ್ಟಿದರು. ಅದೇ ಸೆಕೆ ಓಂಕಾರೇಶನಿಗೆ ತಾಗುವುದಿಲ್ಲವೆಂದು ಅವರಿಗೆ ಹೇಗೋ ಗೊತ್ತಿತ್ತು. ಓಂಕಾರೇಶ್ ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದಿದ್ದ.

“ಲೇ, ಸಿಟ್ಟು ನಂಗೂ ಐತೆ ಕಣೋ,” ಎಂದರು ಮೇಷ್ಟ್ರು. “ಆದ್ರೆ ಫ್ಯಾಕ್ಟ್ರಿ ಟೀಮಿನ ಸೆಲೆಕ್ಟರ್ ಬಂದು ಕೂತವ್ರೆ. ಕೆಂಪನ್ನ ನೋಡಕ್ಕೇ ಬಂದಿರೋದು. ಆಯ್ಕೆ ಆದ್ರೆ ಕಾಯಂ ಕೆಲ್ಸ. ಇವನಿಗೆ ಇಪ್ಪತ್ತೈದಾಯ್ತು, ಬರೋ ವರ್ಷಕ್ಕೆ ವಯಸ್ಸು ಮೀರೋಯ್ತದೆ.”

“ಫಾರಿನ್ನಲ್ಲಿ ಕರಿಯರಿಗೆ ಅನ್ಯಾಯ ಆಯ್ತು ಅಂತ ಇಡೀ ಟೀಮೇ ಗ್ರೌಂಡಿಗೆ ಇಳೀಲಿಲ್ಲ ಸಾರ್. ಸ್ಟೇಟಸ್‌ಗೆ ಹಾಕಿದ್ನಲ್ಲ, ನೋಡ್ಲಿಲ್ವಾ?” ಎಂದ ಓಂಕಾರೇಶ್.

“ಅವ್ರಿಗೆ ಆಡದಿದ್ರೂ ಸಂಬಳ ಬತ್ತೈತೆ ಕಣಣ್ಣ,” ಎಂದ ತಂಡದ ರೈಡರ್ ಭೈರೇಶ್. ಓಂಕಾರೇಶ್ ಅವನನ್ನು ಸುಟ್ಟುಬಿಡುವಂತೆ ನೋಡಿ ಮರದತ್ತ ಹೊರಟ.

ಕೆಂಪರಾಜು ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ. ಪಕ್ಕದಲ್ಲಿ ಊಟದ ಪೊಟ್ಟಣ ಖಾಲಿಯಾಗಿ ಬಿದ್ದಿತ್ತು.

“ಉಂಡ್ಯೇನೋ ಅದನ್ನ?”

“ಹಸಿವಾಗಿತ್ತು. ಹೋಳಿಗೆ ಚೆನ್ನಾಗಿತ್ತು.”

“ಮಾನ ಮರ್ಯಾದೆ ಬ್ಯಾಡ್ವೇನೋ ನಿಂಗೆ? ಇಂಥೋರ ಊರಲ್ಲಿ ಆಡಬಾರ್ದು ಅಂತ ನಾವು ನಿನ್ನ ಪರ ನಿಂತಿದ್ರೆ...”

“ನಾನು ಆಡ್ತೀನಿ ಓಂಕಾರಿ.”

“ಬಾಯ್ಕಾಟ್ ಅಂದ್ರೆ ಎಲ್ಲಾರೂ ಸೇರಿ ಮಾಡೋದು ಕಣೋ!”

ಕೆಂಪರಾಜು ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಗಂಟು ಬಿಗಿದ. ಆಮೇಲೆ, ಬಸ್ಸಿನ ಸಮಯ ಹೇಳುವವನಂತೆ ಹೇಳಿದ: “ಇದಕ್ಕೆಲ್ಲ ಬಾಯ್ಕಾಟ್ ಮಾಡಿದ್ರೆ ನಿಮ್ಮನೆಗೂ ಬರಂಗಿರ್ಲಿಲ್ಲ.”

“ನಮ್ಮನೇಲಿ ಏನಾಯ್ತೋ? ಆರು ವರ್ಷದಿಂದ ಪ್ರತಿ ಭಾನುವಾರ ಉಂಡೋಗ್ತೀಯ. ನಮಗೆ ತಟ್ಟೆ, ನಿಂಗೆ ಬಾಳೆ ಎಲೆ! ಹೆತ್ತ ಮಗನಿಗೂ ಇಲ್ಲದ ಮರ್ಯಾದೆ ಅಂತ ನಾನೇ ಅಮ್ಮನ ಜೊತೆ ಜಗಳ ಆಡಿದೀನಿ.”

“ಹೂಂ. ಭೈರೇಶ ಬಂದಾಗ?”

ಭೈರೇಶ್ ಬಂದಾಗ ತಟ್ಟೆ. ಮನೆಯವರದೇ ಸ್ಟೀಲ್ ತಟ್ಟೆ. ಉಂಡವನು ತೊಳೆಯಲು ಹೋದರೆ ಅಮ್ಮ ಕಸಿದುಕೊಳ್ಳುತ್ತಿದ್ದಳು. ಕೆಂಪರಾಜುವಿನ ಎಲೆಯನ್ನು ಕೆಂಪರಾಜುವೇ ಎತ್ತಿ ಹಿತ್ತಲಿಗೆ ಹಾಕುತ್ತಿದ್ದ. ಅವನಿಗೆ ನೀರು ಬರುತ್ತಿದ್ದದ್ದು ಅಂಗಡಿಯ ಬಾಟಲಿಯಲ್ಲಿ. ಅಂಗಡಿಗೆ ಓಡಿ ಅದನ್ನು ತರುತ್ತಿದ್ದವನು ಓಂಕಾರೇಶನೇ. ಗೆಳೆಯನಿಗೆ ತಣ್ಣಗಿರಲೆಂದು ಫ್ರಿಜ್ಜಿನಿಂದ ಆರಿಸಿ ತರುತ್ತಿದ್ದ.

“ಹಂಗಲ್ಲ ಕಣೋ,” ಎಂದ. ಶಾಲೆಯ ಹಿಂದಕ್ಕೆ ಹೋಗಿ ಮನೆಗೆ ಫೋನು ಹಚ್ಚಿದ.

“ಊಟ ಆಯ್ತೇನಪ್ಪಾ?” ಎಂದಳು ಅಮ್ಮ, ತೀರ್ಥಮ್ಮ.

“ಅಮ್ಮಾ, ಕೆಂಪಂಗೆ ಯಾಕೆ ಎಲೆ ಹಾಕ್ತೀಯ?”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. “ಯಾಕೋ? ಏನಾದ್ರೂ ಅಂದ್ನಾ?” ದನಿ ಸಣ್ಣದಾಯಿತು. “ಪಾಪ, ಒಳ್ಳೇ ಹುಡ್ಗ. ಬ್ಯಾರೆ ತಟ್ಟೆ ಇಟ್ರೆ ನೊಂದ್ಕತ್ತಾನೆ ಅಂತ ಎಲೆ ಮಾಡ್ಕಂಡಿದ್ದು ಕಣೋ. ಅವನಿಗೆ ಒಂಚೂರೂ ಗೊತ್ತಾಗ್ದಂಗೆ ನಡೆಸ್ಕಂಡು ಬಂದಿದೀನಿ. ನೀನೆಲ್ಲಾದ್ರೂ ಬಾಯ್ಬಿಟ್ಟೀಯ ಮತ್ತೆ.”

ಸೂಕ್ಷ್ಮ ತಿಳಿದ ಹೆಂಗಸೆಂದು ಬೀದಿಯಲ್ಲೆಲ್ಲ ಹೆಸರಾದವಳು ಅವನಮ್ಮ. ಫೋನು ಕಿವಿಯಲ್ಲೇ ಇತ್ತು. ಶಾಲೆಯ ಗೋಡೆಯ ಮೇಲೆ ಯಾರೋ ಬಿಡಿಸಿದ್ದ ಕರ್ನಾಟಕದ ನಕ್ಷೆಯನ್ನು ಓಂಕಾರೇಶ್ ಬೀದರಿನಿಂದ ಕೆಳಗಿನವರೆಗೆ ನೋಡಿದ. ಯಾವ ಊರಿನ ಹೆಸರೂ ಓದಲಾಗಲಿಲ್ಲ.

ಮೈಕಿನಲ್ಲಿ ಎರಡೂ ತಂಡಗಳನ್ನು ಕರೆದರು. ಹಿಂದಿರುಗಿದಾಗ ಕೆಂಪರಾಜು ಬ್ಯಾಗಿನಿಂದ ಅವನ ಜೆರ್ಸಿ ತೆಗೆದು, ಕೊಡವಿ, ಹಿಡಿದುಕೊಂಡು ನಿಂತಿದ್ದ. “ಹಾಕ್ಕೊ. ಇವತ್ತು ನಂಗೆ ನೀನು ಬೇಕು.”

ಓಂಕಾರೇಶ್ ಹಾಕಿಕೊಂಡ. ಹಿಂದುಮುಂದಾಗಿ ಹಾಕಿ, ಮತ್ತೆ ಬಿಚ್ಚಿ ಹಾಕಿಕೊಂಡ. ಬಾಯ್ಕಾಟಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮೇಷ್ಟ್ರು ಮಾತ್ರ ಅವನ ಮುಖ ನೋಡಿ, “ಬಿಸಿಲು ಹೊಡೀತೇನೋ?” ಎಂದರು.

ಅಂಕಣದ ಎದುರು ಮೊದಲ ಸಾಲಿನಲ್ಲಿ ಸೆಲೆಕ್ಟರ್, ಪಕ್ಕದಲ್ಲಿ ಕರಿಸಿದ್ದಪ್ಪನವರು. ಎಡಮೂಲೆಯಲ್ಲಿ ಕೆಂಪರಾಜು, ಅವನ ಪಕ್ಕ ಓಂಕಾರೇಶ್. ಆರು ವರ್ಷದಿಂದ ಅವರದು ಅದೇ ಜಾಗ: ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು, ಒಳನುಗ್ಗಿದವನನ್ನು ಸರಪಳಿ ಹಾಕಿ ಕೆಡಹುವುದು. ಎದುರಾಳಿ ಗೆರೆ ಮುಟ್ಟಿ ದಾಟಿದ. ಅವನ ಮೇಲಿನ ಕಣ್ಣು ತೆಗೆಯದೆ ಕೆಂಪರಾಜು ಪಕ್ಕಕ್ಕೆ ಕೈ ಚಾಚಿದ.

ಓಂಕಾರೇಶನ ಅಂಗೈ ಬೆವರಿ ನೀರಾಗಿತ್ತು. ಜಾರಬಾರದೆಂದು ಎಂದಿನಂತೆ ಚಡ್ಡಿಗೆ ಒರೆಸಿಕೊಳ್ಳಹೋದವನು, ಕೆಂಪರಾಜು ಇತ್ತ ತಿರುಗಿದ್ದನ್ನು ಕಂಡ. ಒರೆಸಿಕೊಳ್ಳುವುದು ಅವನಿಗೆ ಹೇಗೆ ಕಂಡೀತೆನ್ನಿಸಿ ಕೈ ಚಡ್ಡಿಯ ಮೇಲೆಯೇ ನಿಂತುಬಿಟ್ಟಿತು.

“ಹಿಡಿಯೋ, ಬಂದ!” ಎಂದ ಕೆಂಪರಾಜು. ಮಣ್ಣು ಮೆತ್ತಿದ ಐದು ಬೆರಳೂ ಬಿಡಿಸಿಕೊಂಡು ಅವನ ಕೈ ಗಾಳಿಯಲ್ಲಿ ಕಾಯುತ್ತಿತ್ತು.