ಒಂದು ಜೇಬು ಜಾಸ್ತಿ

ಕೋಟಿನ ಎಡತೋಳು ಹೇಗೋ ಏರಿತು. ಬಲತೋಳು ಜಪ್ಪಯ್ಯ ಅಂದರೂ ಏರಲಿಲ್ಲ. ಊರಿಗೆಲ್ಲ ಅಳತೆ ತೆಗೆದ ಟೈಲರ್ ಮಾಸ್ಟರು ತಮ್ಮ ಹೊಟ್ಟೆಯ ಅಳತೆ ಮರೆತೇ ತೀರಿಕೊಂಡಿದ್ದರು.

"ಬೆನ್ನು ಸೀಳಿ ಅಗಲ ಮಾಡ್ಬೇಕು," ಎನ್ನುತ್ತ ಅವರ ಹೆಂಡತಿ ಕತ್ತರಿ ಚಾಚಿದರು. "ಗುಂಡಿ, ನೀನೇ ಕತ್ತರಿಸು."

ಗುಂಡಿ ಹಿಂದೆ ಸರಿದಳು. ಹನ್ನೊಂದು ವರ್ಷ ಅಂಗಡಿಯಲ್ಲಿ ಗುಂಡಿ ಹಚ್ಚಿ ಹಚ್ಚಿ ಅದೇ ಹೆಸರು ಅಂಟಿತ್ತು. ಬಟ್ಟೆಗೆ ಕತ್ತರಿ ಇಟ್ಟವಳೇ ಅಲ್ಲ.

"ಅಕ್ಕಾ, ನಾನು ಕೆಡಿಸಿಬಿಡ್ತೀನಿ!"

"ಕೆಡಿಸು. ಹಾಕ್ಕೊಳ್ಳೋರೇನು ಜಗಳಕ್ಕೆ ಬರಲ್ಲ. ಆದ್ರೆ ಕೋಟಿಲ್ದೆ ಅವರನ್ನ ಕಳಿಸಲ್ಲ ನಾನು."

\*

ಹಿಂದೊಮ್ಮೆ ಹಲ್ಲಿನ ಡಾಕ್ಟರ ಹೊಸ ಪ್ಯಾಂಟು ಕತ್ತರಿಸುವಾಗ ಮಾಸ್ಟರರ ಕತ್ತರಿ ಜಾರಿ, ಮಂಡಿಯ ಹತ್ತಿರ ತೂತಾಗಿತ್ತು. ಗುಂಡಿ ಅಯ್ಯೋ ಎಂದು ಕೂಗಿದಳು. ಮಾಸ್ಟರರು ಬಟ್ಟೆಯನ್ನು ಬೆಳಕಿಗೆ ಹಿಡಿದರು.

"ತಪ್ಪಾದ್ಮೇಲೆ ಬಾಯಿ ಬಡ್ಕೋಬಾರ್ದು. ಎಷ್ಟು ಬಟ್ಟೆ ಉಳಿದಿದೆ ನೋಡ್ಬೇಕು," ಎಂದವರೇ ಅಲ್ಲೊಂದು ಜೇಬು ಹೊಲಿದರು.

"ಓಹೋ, ಇಕ್ಕಳ ಇಡೋಕೆ!" ಎಂದು ಡಾಕ್ಟರು ಹಿಗ್ಗಿ, ಮರುವಾರ ಅಂಥದ್ದೇ ಇನ್ನೆರಡು ಹೊಲಿಸಿದರು.

\*

ಗುಂಡಿ ಕಿಟಕಿಯಾಚೆ ನೋಡಿದಳು. ಅಂಗಳದಲ್ಲಿ ನಿಂತವರ ಬಟ್ಟೆಯಲ್ಲೆಲ್ಲ ಎಲ್ಲೆಂದರಲ್ಲಿ ಜೇಬು: ಬೇಕರಿಯವರಿಗೆ ಮೊಣಕೈ ಮೇಲೆ, ಲೈಬ್ರರಿಯಮ್ಮನಿಗೆ ಬೆನ್ನ ಮೇಲೆ.

"ನನಗೋಸ್ಕರಾನೇ ಇಟ್ಟುಕೊಟ್ಟಿದ್ರು ಕಣ್ರೀ," ಎಂದು ಬೇಕರಿಯವರು ಮೂಗೊರೆಸಿಕೊಂಡರು.

ಅಷ್ಟೂ ಮಾಸ್ಟರರ ತಪ್ಪುಗಳು! ಗುಂಡಿಗೆ ನಗುವೂ ಬಂತು, ಅಳುವೂ ಬಂತು. ಅವೆರಡರ ನಡುವೆಯೇ ಕತ್ತರಿ ಹಾಕಿದಳು. ಅದು ಸೊಟ್ಟಗೆ ಹೋಗಿ ಭುಜದವರೆಗೂ ಸೀಳಿತು. ಅವಳು ಬಾಯಿ ಬಡಿದುಕೊಳ್ಳಲಿಲ್ಲ. ಎಷ್ಟು ಬಟ್ಟೆ ಉಳಿದಿದೆ ನೋಡಿದಳು.

"ಇದೇನೇ, ಭುಜದ ಮೇಲೆ ಜೇಬು?" ಎಂದ ಮಾಸ್ಟರರ ಹೆಂಡತಿ ಅದನ್ನು ಸವರಿ, ಬೆಳಗಿನಿಂದ ಮೊದಲ ಸಲ ಬಿಕ್ಕಿ ಅತ್ತರು. "ಥೇಟ್ ಅವರದೇ ಕೈ."

ಮಣ್ಣು ಮಾಡಿ ಹೊರಟಾಗ ಹಲ್ಲಿನ ಡಾಕ್ಟರು ಸಂಕೋಚದಿಂದ ಕೆಮ್ಮಿದರು. "ಈ ಹೊತ್ತಲ್ಲಿ ಕೇಳಬಾರ್ದು... ಮಗಳ ಮದುವೆಗೆ ಸೂಟು ಹೊಲಿಸ್ಬೇಕಿತ್ತು. ಇನ್ನು ಯಾರು ಕತ್ತರಿಸ್ತಾರೆ?"

"ನಾನು," ಎಂದಳು ಗುಂಡಿ. ದನಿ ಒಡೆದಿತ್ತು, ಆದರೂ ಎಲ್ಲರಿಗೂ ಕೇಳಿಸಿತು.

ಮಾಸ್ಟರರ ಹೆಂಡತಿ ಕೈಚೀಲದಿಂದ ಟೇಪು ತೆಗೆದು ಅವಳ ಕೊರಳಿಗೆ ಹಾಕಿದರು.

"ಕೈ ಚಾಚಿ ಡಾಕ್ಟ್ರೇ," ಎಂದು ಗುಂಡಿ ಟೇಪು ಬಿಚ್ಚಿದಳು.

ಡಾಕ್ಟರು ಸಮಾಧಿಗಳ ನಡುವೆ ಎರಡೂ ಕೈ ಚಾಚಿ ನಿಂತರು. ಆಗಷ್ಟೇ ಏದುಸಿರು ಬಿಡುತ್ತ ಬಂದ ದೂರದ ನೆಂಟರೊಬ್ಬರು, ಇದೂ ಒಂದು ಪದ್ಧತಿಯಿರಬೇಕೆಂದು ಟೋಪಿ ತೆಗೆದಿಟ್ಟು, ಅವರ ಪಕ್ಕದಲ್ಲೇ ಗಂಭೀರವಾಗಿ ಕೈ ಚಾಚಿದರು.