ಕುರುಡು ಕಂಡಿಗಳು

ಲಾರ್ಡ್ ಗರ್ವೇಸರ ಕೋಟೆಗೆ ಹನ್ನೊಂದು ವರ್ಷ ಕಲ್ಲು ಕೂರಿಸಿದವನು ನಾನು. ಆ ಸೆಪ್ಟೆಂಬರಿನಲ್ಲಿ ಅರಸನ ಅಧಿಕಾರಿ ಸರ್ ಓಸ್ಬರ್ಟ್ ಇಪ್ಪತ್ತು ಸವಾರರೊಡನೆ ಬಂದಾಗ ದಕ್ಷಿಣದ ಗೋಪುರ ಇನ್ನೂ ಅರ್ಧಕ್ಕೇ ನಿಂತಿತ್ತು. ನಮ್ಮ ಒಡೆಯರ ಮೈಯಲ್ಲಿ ಹಳೆಯ ರಾಜವಂಶದ ರಕ್ತವಿತ್ತು. ಅಂಥವರು ಅರಸನ ಅಪ್ಪಣೆಯಿಲ್ಲದೆ ಯುದ್ಧಕ್ಕೊದಗುವ ಕೋಟೆ ಕಟ್ಟಿದರೆ ತಲೆ ಉಳಿಯುವುದಿಲ್ಲ.

ಸರ್ ಓಸ್ಬರ್ಟ್ ಕುದುರೆಯಿಂದ ಇಳಿಯದೆ ಹೊರಗೋಡೆಯತ್ತ ನೋಡಿದ. ಬಂದೂಕಿನ ಮೂತಿ ಚಾಚಲು ಬಿಡುವಂಥ ಕಂಡಿಗಳು ಅಲ್ಲಿ ಸಾಲಾಗಿದ್ದವು.

"ಹದಿನಾಲ್ಕು. ಏನಯ್ಯಾ ಮೇಸ್ತ್ರಿ, ಇವೇನು ಪಾರಿವಾಳ ಸಾಕೋಕಾ?"

"ಅಂದಕ್ಕೆ, ಸ್ವಾಮಿ."

"ಅಂದಕ್ಕೆ! ನನ್ನ ಹೆಂಡತಿ ಅಂದಕ್ಕೆ ಮುತ್ತಿನ ಸರ ಹಾಕ್ಕೋತಾಳೆ, ಫಿರಂಗಿ ಅಲ್ಲ."

ಸವಾರರು ನಕ್ಕರು. ಒಡೆಯರು ಹೆಬ್ಬಾಗಿಲ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದರು. ಬಾಯಿಮಾತಿಗೆ ಈ ಮನುಷ್ಯ ಬಗ್ಗುವುದಿಲ್ಲ ಅನ್ನಿಸಿ, ನನ್ನ ಅಳತೆಕೋಲನ್ನು ತಂದು ಒಂದು ಕಂಡಿಗೆ ತೂರಿಸಿದೆ. ಗೇಣುದ್ದ ಹೋಗಿ ಕಲ್ಲಿಗೆ ತಟ್ಟಿತು. ಪಕ್ಕದ್ದಕ್ಕೂ ತೂರಿಸಿದೆ. ಅಲ್ಲೂ ಅಷ್ಟೇ.

"ಹದಿನಾಲ್ಕೂ ಕುರುಡು, ಸ್ವಾಮಿ. ಇದರ ಹಿಂದೆ ಅಮ್ಮಾವ್ರ ಕೋಣೆ ಅಗ್ಗಿಷ್ಟಿಕೆ ಇದೆ. ಇಲ್ಲಿ ಬಂದೂಕು ಹಿಡಿಯೋನು ಮೊದಲು ಬೆಂಕೀಲಿ ನಿಲ್ಬೇಕು. ಒಳಗಡೆ ಅಂಗಳದ ಕಡೆ ಬಂದು ನೋಡಿ, ಗೋಡೆಗಿಂತ ಗಾಜೇ ಜಾಸ್ತಿ."

ಸರ್ ಓಸ್ಬರ್ಟ್ ಕೋಲು ಕಸಿದುಕೊಂಡು ತಾನೇ ಎರಡು ಕಂಡಿ ಚುಚ್ಚಿ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ತೊಡೆ ಮೇಲೆ ಮಲಗೋ ನಾಯಿಮರೀಗೆ ಬೇಟೆನಾಯಿ ಮುಳ್ಳುಪಟ್ಟಿ ಕಟ್ಟಿದಾರೆ ಕಣ್ರೋ! ನಡೀರಿ, ಹೋಗೋಣ."

ಅವರು ಹಾಗೇ ನಗುತ್ತಾ ಹೋಗಿದ್ದರೆ ಸಾಕಿತ್ತು. ಆದರೆ ಮನೆಯ ಆಳುಕಾಳೆಲ್ಲ ಹೆಬ್ಬಾಗಿಲಲ್ಲಿ ಸೇರಿದ್ದರು. ಅವರಲ್ಲೂ ಯಾರೋ ಕಿಸಕ್ಕೆಂದರು. ಒಡೆಯರು ಮೆಟ್ಟಿಲು ಇಳಿದು ಬಂದರು.

"ನನ್ನಜ್ಜ ಇದೇ ದಿಬ್ಬದ ಮೇಲೆ ಆರು ತಿಂಗಳು ಮುತ್ತಿಗೆ ತಡೆದೋನು. ಬರೋ ಬೇಸಿಗೇಲಿ ಆ ಕಂಡಿಗಳನ್ನೆಲ್ಲ ಒಳಗಿನ ತನಕ ಕೊರೆಸ್ತೀನಿ. ಆಗ ಬಂದು ನಗು, ಓಸ್ಬರ್ಟ್."

ನಗು ನಿಂತಿತು. "ಎಲ್ರೂ ಕೇಳಿಸ್ಕೊಂಡ್ರಾ?" ಎಂದ ಸರ್ ಓಸ್ಬರ್ಟ್, ಮೆಲ್ಲಗೆ.

"ಕೋಪದಲ್ಲಿ ಅಂದ್ರು ಸ್ವಾಮಿ! ಆ ಕಲ್ಲು ತೆಗೆದ್ರೆ ಅಗ್ಗಿಷ್ಟಿಕೆ ಚಿಮಣಿನೇ ಕುಸಿಯುತ್ತೆ!" ನಾನು ಕೂಗಿದೆ. ನನ್ನ ಮಾತು ಯಾರಿಗೂ ಬೇಕಿರಲಿಲ್ಲ.

ಅವತ್ತೇ ಮಧ್ಯಾಹ್ನ ಒಡೆಯರನ್ನು ಸೆರೆಹಿಡಿದು ಕರೆದುಕೊಂಡು ಹೋದರು. ಕುದುರೆ ಹತ್ತುವ ಮುಂಚೆ ಒಡೆಯರು ನನ್ನ ಕಡೆ ಬಾಗಿದರು.

"ಹ್ಯಾಮನ್, ಹೊರಗಿಂದ ನೋಡಿದ್ರೆ ಚೆನ್ನಾಗೇ ಇತ್ತು, ಅಲ್ವಾ?"

"ಚೆನ್ನಾಗಿತ್ತು ಧಣಿ. ನದಿ ಆಚೆಯಿಂದಲೇ ಕಾಣ್ತಿತ್ತು."

ನವೆಂಬರಿನಲ್ಲಿ ಲಂಡನ್ನಿನಿಂದ ಸುದ್ದಿ ಬಂತು. ಕೊಡಲಿ ಒಂದೇ ಏಟಿಗೆ ಕೆಲಸ ಮುಗಿಸಿತಂತೆ. ಕಲ್ಲುಕುಟಿಗರು ಬೇರೆ ಕೆಲಸ ಹುಡುಕಿಕೊಂಡು ಹೋದರು.

ಹಿಮ ಬೀಳುವ ಮೊದಲು ಅರ್ಧ ಕಟ್ಟಿದ ಗೋಡೆಯ ನೆತ್ತಿಗೆ ಹುಲ್ಲು, ಸಗಣಿ ಹೊದಿಸುವುದು ನಮ್ಮ ಕಸುಬಿನ ರೂಢಿ. ಇಲ್ಲದಿದ್ದರೆ ಗಾರೆ ಹೆಪ್ಪುಗಟ್ಟಿ ಸಿಡಿಯುತ್ತದೆ. ಆ ವರ್ಷ ಹೊದಿಸೆಂದು ಹೇಳುವವರು ಯಾರೂ ಇರಲಿಲ್ಲ. ನಾನೂ ನನ್ನ ಹೆಂಡತಿ ಸಿಸ್ಲಿಯೂ ಹುಲ್ಲಿನ ಹೊರೆ ಹೊತ್ತು ದಕ್ಷಿಣದ ಗೋಪುರ ಹತ್ತಿದೆವು.

"ಇನ್ಯಾರು ಬಂದು ಇದನ್ನ ಕಟ್ತಾರೆ ಅಂತ?" ಎಂದಳು ಏದುಸಿರು ಬಿಡುತ್ತಾ.

"ಯಾರೂ ಬರಲ್ಲ ಕಣೇ," ಎಂದೆ. "ಆ ಮೂಲೆಗೆ ಇನ್ನೊಂದಿಷ್ಟು ಹಾಕು. ಅಲ್ಲಿ ಗಾರೆ ಇನ್ನೂ ಹಸಿ ಇದೆ."