ಬಿದ್ದದ್ದನ್ನು ಬಿದ್ದಲ್ಲೇ ನೋಡುವವರು

ಕಂಪ್ಯೂಟರ್ ಕೆಟ್ಟು ನಿಂತಾಗ ಲೋಕದವರ ಕೈ ಸ್ವಿಚ್ಚಿನ ಕಡೆಗೆ ಹೋದರೆ ರಮಾಕಾಂತರ ಕೈ ಕೋಟಿನ ಜೇಬಿನ ಕಡೆಗೆ ಹೋಗುತ್ತಿತ್ತು. ಅಲ್ಲಿಂದ ಒಂದು ಮೋಟು ಪೆನ್ಸಿಲ್ಲನ್ನೂ ಅಂಗೈಯಗಲದ ಡೈರಿಯನ್ನೂ ಹೊರತೆಗೆದು, ನೀಲಿಯಾಗಿ ಸ್ತಬ್ಧಗೊಂಡ ಪರದೆಯ ಮೇಲಿನ ಅಕ್ಷರ ಅಂಕಿಗಳನ್ನೆಲ್ಲ ಶಾಸನ ಓದುವವರ ಶ್ರದ್ಧೆಯಿಂದ ಅವರು ನಕಲು ಮಾಡಿಕೊಳ್ಳುವವರೆಗೆ ಯಾರೂ ಯಂತ್ರವನ್ನು ಮುಟ್ಟುವಂತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂದು ಯಾರಾದರೂ ಅವಸರಪಟ್ಟರೆ, ಮುಟ್ಟಬೇಡಿ ಎಂಬಂತೆ ಎಡಗೈಯನ್ನು ಅಡ್ಡ ಹಿಡಿದು, ತಲೆ ಎತ್ತದೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಬೀಳೋಕೆ ಮುಂಚೆ ಏನ್ ಮಾಡ್ತಿತ್ತು?"

ಈ ಪ್ರಶ್ನೆ ಅವರ ನಾಲಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಮನೆಯಲ್ಲೂ ಬಿಡುತ್ತಿರಲಿಲ್ಲ. "ಹಾಲು ಉಕ್ಕಿದ್ರೂ ಇವ್ರು ಒಲೆ ಆರ್ಸೋದಿಲ್ಲ, ಉಕ್ಕೋಕೆ ಮುಂಚೆ ಏನ್ ಮಾಡ್ತಿತ್ತು ಅಂತ ಹಾಲನ್ನೇ ಕೇಳ್ತಾರೆ" ಎಂದು ಅವರ ಪತ್ನಿ ಸುಶೀಲಾ ಬಂದವರೆದುರು ಹೇಳಿ ನಗುತ್ತಿದ್ದರು. ರಮಾಕಾಂತರೂ ನಗುತ್ತಿದ್ದರು, ಆದರೆ ಸ್ವಲ್ಪ ತಡವಾಗಿ.

ಕಳಸದ ಕಡೆಯ ಪುರೋಹಿತರ ಮನೆತನದವರು. ತೊಂಬತ್ತರ ದಶಕದ ಆರಂಭದಲ್ಲಿ ಆಲ್ದೂರಿನ ಟೈಪಿಂಗ್ ಶಾಲೆಯೊಂದರಲ್ಲಿ ಯಂತ್ರಗಳಿಗೆ ಎಣ್ಣೆ ಬಿಟ್ಟು ರಿಬ್ಬನ್ ಬದಲಿಸುತ್ತಿದ್ದವರು, ಮೊದಲ ಕಂಪ್ಯೂಟರುಗಳು ಘಟ್ಟ ಹತ್ತಿ ಬಂದಾಗ, ಕರೆಯದಿದ್ದರೂ ಹೋಗಿ ಮುಚ್ಚಳ ಬಿಚ್ಚಿ ನೋಡಿ ಕಲಿತರು. ಆಮೇಲೆ ಮೂಡಿಗೆರೆಯ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೊಂದು ಕೋಣೆ ಹಿಡಿದು ಕೂತರು. ಬೇಸಿಗೆಯಲ್ಲೂ ಮೈಮೇಲಿದ್ದ ಆ ಕಂದು ಉಣ್ಣೆಯ ಕೋಟು, ಅದರ ಜೇಬುಗಳಲ್ಲಿ ತಿರುಪುಳಿ, ಫ್ಲಾಪಿಗಳು, ತೇವಕ್ಕೆಂದು ಒಂದು ತುಂಡು ಕರ್ಪೂರ. ಕಾಲಿಗಂಟಿ ರಕ್ತ ಹೀರುವ ಇಂಬಳಕ್ಕೆ ಹೆದರಿ ಚಿಕ್ಕಂದಿನಲ್ಲಿ ಕಲಿತ ನಡಿಗೆಯೋ ಏನೋ, ಡಾಂಬರು ರಸ್ತೆಯಲ್ಲೂ ಒಂದೊಂದೇ ಕಾಲನ್ನು ಎತ್ತಿ, ನೋಡಿ, ಇಡುವ ಕ್ರಮ. ದೂರದಿಂದ ಬರುತ್ತಿದ್ದರೆ ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು.

ಆಲ್ದೂರಿನ ಒಂದು ಅಂಗಡಿಯ ಯಂತ್ರ ಪ್ರತಿದಿನ ಸಂಜೆ ನಾಲ್ಕಕ್ಕೆ ಸರಿಯಾಗಿ ಬೀಳುತ್ತದೆಂದು ಕರೆ ಬಂದಾಗ ಇವರು ಏನನ್ನೂ ಬಿಚ್ಚದೆ ಮೂರು ಸಂಜೆ ಸುಮ್ಮನೆ ಕುರ್ಚಿ ಹಾಕಿಕೊಂಡು ಕೂತರು. ನಾಲ್ಕನೆಯ ಸಂಜೆ ಎದ್ದು ಪಕ್ಕದ ಹೋಟೆಲಿನ ತಿಮ್ಮಮ್ಮನಲ್ಲಿಗೆ ಹೋಗಿ, ಬೋಂಡಾಕ್ಕೆ ಉದ್ದು ರುಬ್ಬುವ ಯಂತ್ರದ ವಯರನ್ನು ಬೇರೆ ಲೈನಿಗೆ ಹಾಕಿಸಿ ಬಂದರು. ಯಂತ್ರ ಮತ್ತೆ ಬೀಳಲಿಲ್ಲ. ಅಂಗಡಿಯವನಿಗೆ ಸಂತೋಷಕ್ಕಿಂತ ನಿರಾಸೆಯೇ ಹೆಚ್ಚಾಯಿತು. ಇಷ್ಟಕ್ಕೆ ನಾಲ್ಕು ದಿನವೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಬಾಳೂರಿನ ಶಂಕರಮ್ಮನವರ ಯಂತ್ರ ಬೀಳತೊಡಗಿದ್ದೂ ಇವರ ಬಳಿಗೇ ಬಂತು. ಶಂಕರಮ್ಮನವರ ಯಜಮಾನರು ಮಲ್ಲಿಕಾರ್ಜುನ ಗೌಡರು ಎಪ್ಪತ್ಮೂರರಿಂದ ತಾವು ತೀರಿಕೊಂಡ ತೊಂಬತ್ತಾರರವರೆಗೆ ದಿನವೂ ಬೆಳಿಗ್ಗೆ ಎಂಟಕ್ಕೆ ಅಂಗಳದ ಅಳತೆ ಪಾತ್ರೆಯ ಮಳೆನೀರನ್ನು ಅಳೆದು, ಇಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಇಷ್ಟು ಸೆಂಟು ಎಂದು ಬರೆದಿಟ್ಟವರು. ಅಳೆಯುವ ಕೆಲಸವನ್ನು ಆಮೇಲೆ ಶಂಕರಮ್ಮ ವಹಿಸಿಕೊಂಡರು. ಕಾಫಿ ಸೀಮೆಯಲ್ಲಿ ಇದು ದೇವರ ದೀಪದಷ್ಟೇ ಸಹಜವಾದ ನೇಮ. ಆ ಪುಸ್ತಕಗಳ ಅಂಕಿಗಳನ್ನೆಲ್ಲ ಆಕೆ ಎರಡು ವರ್ಷ ಕೂತು ಹಳೆಯ ಕಂಪ್ಯೂಟರಿಗೆ ಏರಿಸಿದರು. ಏರಿಸಿ ಮುಗಿದ ವರ್ಷವೇ ಪುಸ್ತಕಗಳಿಗೆ ಗೆದ್ದಲು ಹಿಡಿದು, ರಟ್ಟು ಮಾತ್ರ ಉಳಿಯಿತು. ಗಂಡನ ಇಪ್ಪತ್ತಮೂರು ವರ್ಷದ ಬೆಳಗುಗಳು ಈಗ ಇದ್ದದ್ದು ಆ ಯಂತ್ರದೊಳಗೆ ಮಾತ್ರ.

ಹಳೆಯ ಯಂತ್ರ ಮುದಿಯಾದಾಗ ರಮಾಕಾಂತರು ಒಂದು ಜಾಣತನ ಮಾಡಿದ್ದರು. ಮಳೆಯ ಲೆಕ್ಕದ ಆ ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲಿ ನಡೆಯುವಂಥದ್ದಲ್ಲ. ಆದ್ದರಿಂದ ಹಳೆಯ ಡಿಸ್ಕನ್ನು ಇಡಿಯಾಗಿ ಹೊಸ ಯಂತ್ರದೊಳಗೆ ಒಂದು ದೊಡ್ಡ ಫೈಲನ್ನಾಗಿ ಇಳಿಸಿ, ಆ ಫೈಲನ್ನೇ ನಿಜವಾದ ಡಿಸ್ಕೆಂದು ನಂಬಿಸಿ, ಅದರ ಮೇಲೆ ಹಳೆಯ ವ್ಯವಸ್ಥೆಯನ್ನು ಓಡಿಸಿದರು: ಯಂತ್ರದೊಳಗೊಂದು ಯಂತ್ರ, ಡಿಸ್ಕಿನೊಳಗೊಂದು ಡಿಸ್ಕು. ಒಂದು ವರ್ಷ ಸುಗಮವಾಗಿ ನಡೆಯಿತು. ಜೂನ್ ಹತ್ತರ ನಂತರ ಶಂಕರಮ್ಮ ಬೆಳಗಿನ ಮಳೆಯನ್ನು ಬರೆಯಹೊರಟಾಗಲೆಲ್ಲ ಒಳಗಿನ ವ್ಯವಸ್ಥೆ ಮುಗ್ಗರಿಸಿ, ಹೊರಗಿನದನ್ನೂ ಎಳೆದುಕೊಂಡು ಬೀಳತೊಡಗಿತು. ಪ್ರತಿಸಲ ಬಿದ್ದಾಗಲೂ ಬರೆಯುತ್ತಿದ್ದುದು ಅರ್ಧಕ್ಕೇ ನಿಲ್ಲುತ್ತಿತ್ತು, ಹಾಗೆ ನಿಂತಾಗ ಹಿಂದಿನ ಯಾವ ಅಂಕಿ ಕಲಸಿಹೋದೀತೆಂದು ಹೇಳುವಂತಿರಲಿಲ್ಲ.

"ಇವತ್ತಿಂದ ಬರೀಬೇಡಿ ಅಮ್ಮ, ಓದೋದೂ ಬೇಡ" ಎಂದರು ಜೀಪಿನಿಂದಿಳಿದ ರಮಾಕಾಂತರು.

"ಮಳೆಗೆ ನೀವೇ ಹೇಳಿ ನೋಡಿ ಮಾರಾಯ್ರೇ, ಎರಡು ದಿನ ನಿಲ್ಲು ಅಂತ" ಎಂದ ಶಂಕರಮ್ಮ, ಅಂದಿನ ನಾಲ್ಕು ಇಂಚು ಅರವತ್ತು ಸೆಂಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರು.

ರಮಾಕಾಂತರು ಮೊದಲು ಸಂಶಯಪಟ್ಟದ್ದು ತೇವವನ್ನು. ಯಂತ್ರದ ಪಕ್ಕ ಅರವತ್ತು ಕ್ಯಾಂಡಲ್ಲಿನ ಬಲ್ಬು ಉರಿಸಿಟ್ಟು ಒಂದು ದಿನ ಒಣಗಿಸಿದರು, ಬಿತ್ತು. ಸ್ಟೆಬಿಲೈಸರ್ ಬದಲಿಸಿದರು; ಬಿತ್ತು. ಆಮೇಲೆ ಆ ಫೈಲಿನದೊಂದು ಪ್ರತಿಯನ್ನು ತಾವು ತಂದ ಡಿಸ್ಕಿಗೆ ಇಳಿಸಿಟ್ಟು, ಇನ್ನು ಏನೇ ಆದರೂ ಇದಕ್ಕಿಂತ ಹೆಚ್ಚು ಕೆಡದು ಎಂದ ಮೇಲೆ, ಕುರ್ಚಿ ಎಳೆದುಕೊಂಡು ಬೇಕೆಂದೇ ಬೀಳಿಸುತ್ತ ಕೂತರು. ಓದಿದರೆ ಬೀಳುತ್ತಿರಲಿಲ್ಲ. ಹಳೆಯ ಅಂಕಿಯೊಂದನ್ನು ಅಳಿಸಿ ಅಲ್ಲೇ ಬೇರೆ ಅಂಕಿ ಬರೆದರೂ ಬೀಳುತ್ತಿರಲಿಲ್ಲ. ಹೊಸ ದಿನವೊಂದನ್ನು ಸೇರಿಸಹೋದರೆ ಮಾತ್ರ ಬೀಳುತ್ತಿತ್ತು. ಹನ್ನೊಂದು ಸಲ ಬೀಳಿಸಿ, ಹನ್ನೊಂದು ಸಲವೂ ಬರೆದುಕೊಂಡು, ಅವರು ಡೈರಿಯ ಹಾಳೆಗಳನ್ನು ಮೊದಲಿಂದ ತಿರುವುತ್ತ ಕೂತರು.

"ಶೀತ ಹೊಡ್ದಿರ್ಬೇಕು ಬಿಡಿ" ಎಂದರು ಶಂಕರಮ್ಮ, ಕಾಫಿ ತಂದಿಡುತ್ತ. "ಈ ಊರಲ್ಲಿ ಏನ್ ತಾನೆ ಬಾಳ್ತದೆ."

ಹೌದೆಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಲೆನಾಡಿನಲ್ಲಿ ಶೀತದ ಮೇಲೆ ಹಾಕಿದ ತಪ್ಪನ್ನು ಯಾರೂ ಮರುವಿಚಾರಣೆ ಮಾಡುವುದಿಲ್ಲ. ರಮಾಕಾಂತರು ಕಾಫಿ ಮುಟ್ಟದೆ ಕೇಳಿದರು: "ಜೂನ್‌ಗೆ ಮುಂಚೆ ಈ ಕಂಪ್ಯೂಟರ್‌ಗೆ ಏನಾದ್ರೂ ತುಂಬಿದ್ರಾ?"

ತುಂಬಿದ್ದರು. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಸೌದೆ, ಹಪ್ಪಳ, ಉಪ್ಪು ಎಲ್ಲವನ್ನೂ ಒಳಗೆ ಸೇರಿಸಿಕೊಳ್ಳುವುದು ಹೆಂಗಸರಿಗೆ ರಕ್ತಗತವಾದ ವಿದ್ಯೆ. ಹಿಂದಿನ ಮಳೆಗಾಲದಲ್ಲಿ ಸೀಡಿಗಳಿಗೆ ಬೂಷ್ಟು ಬಂದು ಎಷ್ಟೋ ಹಾಳಾಗಿದ್ದರಿಂದ ಶಂಕರಮ್ಮ ಈ ಸಲ ಮೇ ತಿಂಗಳಲ್ಲೇ ಎಚ್ಚರವಹಿಸಿ, ಮಗಳು ಸೌಂದರ್ಯಳ ಮದುವೆಯ ಸೀಡಿಗಳು, ಹರಿಕಥೆ, ಭಜನೆ, ಯಕ್ಷಗಾನ ಎಲ್ಲವನ್ನೂ ಕಂಪ್ಯೂಟರಿನೊಳಗೆ ಬೆಚ್ಚಗೆ ದಾಸ್ತಾನು ಮಾಡಿದ್ದರು. ಹೊರಗಿನ ಡಿಸ್ಕು ಕಂಠಪೂರ್ತಿ ತುಂಬಿತ್ತು.

"ಹಳದಿ ಚೀಟಿ ಒಂದು ಬರ್ತಿತ್ತು ಮೂಲೇಲಿ" ಎಂದು ಅವರು ಮೆಲ್ಲಗೆ ಹೇಳಿದರು. "ಏನೇ ಚೀಟಿ ಬಂದ್ರೂ ಓದದೆ ಮುಚ್ಚಿ, ವೈರಸ್ ಇರ್ತದೆ ಅಂತ ನೀವೇ ಹೇಳಿದ್ರಲ್ಲ. ಹಾಗಾದ್ರೆ ತಪ್ಪು ನಂದಾ?"

"ಜಾಗ ಮುಗೀತಾ ಬಂತು ಅಂತ ಹೇಳೋ ಚೀಟಿ ಅದು. ಆದ್ರೆ ತಪ್ಪು ನಿಮ್ದಲ್ಲ, ನಂದು" ಎಂದರು ರಮಾಕಾಂತರು. "ಕಣದ ಲೆಕ್ಕದಲ್ಲಿ ಹೇಳ್ತೀನಿ, ಕೇಳಿ. ಒಳಗಿನ ಯಂತ್ರಕ್ಕೆ ನಾನು, ನಿಂಗೆ ನೂರು ಮೂಟೆ ಹರಡೋ ಕಣ ಉಂಟು ಅಂತ ಮಾತು ಕೊಟ್ಟೆ. ಆದ್ರೆ ಆ ಜಾಗ ಕಾದಿರಿಸ್ಲಿಲ್ಲ, ಬೇಕಾದ ಹಾಗೆ ಹರಡ್ಕೊಳ್ಳಲಿ ಅಂತ ಬಿಟ್ಟೆ. ಜಾಗ ಉಳಿಸೋ ಜಾಣತನ. ನೀವು ಆ ಕಡೆಯಿಂದ ಮೆಣಸು ಹರಡ್ತಾ ಬಂದ್ರಿ. ಅದು ನನ್ ಮಾತು ನಂಬಿ ಹೊಸ ಮೂಟೆ ಸುರಿಯೋಕ್ ಹೋಯ್ತು, ಕಾಲಡಿ ನೆಲ ಇರ್ಲಿಲ್ಲ. ಬಿತ್ತು."

ಮದುವೆಯ ಸೀಡಿಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ, ಒಳಗಿನ ಡಿಸ್ಕಿಗೆ ಕೊಟ್ಟ ಮಾತಿನಷ್ಟೂ ಜಾಗವನ್ನು ಈ ಸಲ ಮೊದಲೇ ಕಾದಿರಿಸಿ ಕಟ್ಟಿದ ಮೇಲೆ ಯಂತ್ರ ಬೀಳುವುದು ನಿಂತಿತು. ಕ್ಯಾಲೆಂಡರಿನ ಅಂಕಿಗಳೆಲ್ಲ ಒಳಗೆ ಹೋದವು. ಆಮೇಲೆ ರಮಾಕಾಂತರು ಎಪ್ಪತ್ಮೂರರಿಂದ ಒಂದೊಂದೇ ತಿಂಗಳನ್ನು ತೆರೆದು ನೋಡುತ್ತ ಬಂದರು. ಎಲ್ಲವೂ ಇತ್ತು, ಎಂಬತ್ತೊಂಬತ್ತರ ಜುಲೈ ಒಂದನ್ನು ಬಿಟ್ಟು. ಅಲ್ಲಿ ಅಂಕಿಗಳ ಬದಲು ಅರ್ಥವಿಲ್ಲದ ಚಿಹ್ನೆಗಳಿದ್ದವು. ಪ್ರತಿ ಇಳಿಸಿಡುವ ಮೊದಲಿನ ಯಾವುದೋ ಒಂದು ಬೀಳುವಿಕೆಯಲ್ಲಿ ಅದು ಕಲಸಿಹೋಗಿತ್ತು; ಪ್ರತಿಯಲ್ಲೂ ಹಾಗೇ ಇತ್ತು, ಮೂಲದ ಹಳೆಯ ಡಿಸ್ಕು ಆಗಲೇ ಕೆಟ್ಟುಹೋಗಿತ್ತು. ಎರಡು ದಿನ ಹುಡುಕಿದರೂ ಸಿಕ್ಕಲಿಲ್ಲ.

"ಆ ಜುಲೈನಲ್ಲಿ ಅವ್ರಿಗೆ ಜ್ವರ" ಎಂದರು ಶಂಕರಮ್ಮ. "ಕಂಬಳಿ ಹೊದ್ದು, ನನ್ ಕೈಲಿ ಕೊಡೆ ಹಿಡಿಸ್ಕೊಂಡು ಹೋಗಿ ಅಳೀತಿದ್ರು." ಆಮೇಲೆ ತಾವೇ ಹೇಳಿದರು: "ಹಿಂದಿನ ಮುಂದಿನ ಜುಲೈ ನೋಡಿ, ಹತ್ತಿರ ಹತ್ತಿರ ಏನಾದ್ರೂ ತುಂಬಿಬಿಡಿ. ಯಾರಿಗ್ ಗೊತ್ತಾಗ್ತದೆ?"

"ನಂಗ್ ಗೊತ್ತಾಗ್ತದಲ್ಲ" ಎಂದರು ರಮಾಕಾಂತರು.

ಖಾಲಿ ಬಿಡೋಣವೆಂದರೆ ಆ ಹಳೆಯ ಪ್ರೋಗ್ರಾಮಿಗೆ ಖಾಲಿಯೆಂಬುದೇ ತಿಳಿಯದು. ಬಿಟ್ಟ ಜಾಗವನ್ನೆಲ್ಲ ಸೊನ್ನೆಯೆಂದು ಬರೆದುಕೊಳ್ಳುತ್ತಿತ್ತು. ಬಾಳೂರಿನ ಜುಲೈಯಲ್ಲಿ ಸೊನ್ನೆ ಮಳೆ ಎಂಬ ಸುಳ್ಳನ್ನು ಸಹಿಸಲಾರದೆ ಅವರು ಇನ್ನೂ ಮೂರು ದಿನ ಜೀಪು ಹತ್ತಿ ಬಂದು, ಪ್ರೋಗ್ರಾಮನ್ನೇ ತಿದ್ದಿ, ಆ ಮೂವತ್ತೊಂದು ದಿನಗಳ ಎದುರು ಒಂದು ಗೆರೆ ಮಾತ್ರ ಬರುವಂತೆ ಮಾಡಿದರು. ಅದರ ಕೆಳಗೆ ಒಂದು ಸಾಲು: "ಯಂತ್ರ ಸರಿಮಾಡುವವನ ತಪ್ಪಿನಿಂದ ಕಳೆದಿದೆ. ರಮಾಕಾಂತ." ಶಂಕರಮ್ಮ ಅದನ್ನು ಎರಡು ಸಲ ಓದಿದರು. ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಕೊನೆಗೆ ಹೇಳಿದ್ದು ಇಷ್ಟು: "ಇರ್ಲಿ ಬಿಡಿ. ಅಳೀದೆ ಅಂದಾಜಲ್ಲಿ ಅವ್ರೂ ಏನೂ ಬರೀತಿರ್ಲಿಲ್ಲ."

ರಮಾಕಾಂತರು ಈಗಿಲ್ಲ. ಅಂಥವರನ್ನು ಊರು ನಿಧಾನದವರೆಂದಿತು, ಮೊಂಡರೆಂದಿತು, ಸಣ್ಣ ಕೆಲಸಕ್ಕೆ ನಾಲ್ಕು ದಿನ ತೆಗೆದುಕೊಳ್ಳುವವರೆಂದು ನಗಾಡಿತು. ಬಿದ್ದದ್ದನ್ನು ಎತ್ತಿ ನಿಲ್ಲಿಸಿ ಕೈ ಝಾಡಿಸುವವರು ಆಗಲೂ ಬೇಕಾದಷ್ಟಿದ್ದರು, ಈಗಂತೂ ಹೇಳುವುದೇ ಬೇಡ. ಬಿದ್ದದ್ದರ ಪಕ್ಕ ಕೂತು, ಯಾಕೆ ಬಿತ್ತೆಂದು ಕೇಳಿ, ಉತ್ತರ ತನ್ನ ಕಡೆಗೇ ಬೆರಳು ತೋರಿದಾಗ ಎದ್ದುಹೋಗದವರು ವಿರಳ. ಶಂಕರಮ್ಮನವರ ಮಳೆಯ ಲೆಕ್ಕವನ್ನು ಇವತ್ತಿಗೂ ಸುತ್ತಲಿನ ತೋಟದವರು ಕೇಳಿ ಪಡೆಯುತ್ತಾರೆ. ಒಂದು ತಿಂಗಳು ಕಳೆದಿದೆ ಎಂದು ಹೇಳುವ ಆ ಲೆಕ್ಕದಲ್ಲಿ, ಉಳಿದ ಯಾವ ತಿಂಗಳನ್ನೂ ಯಾರೂ ಅನುಮಾನಿಸುವುದಿಲ್ಲ.